ಹಳದಿಗೆ ಬಿದ್ದ 64 ಎಕರೆ: ಮಾಸ್ಟರ್ ಪ್ಲಾನ್‌ಗೆ ಆಕ್ಷೇಪಣೆ ಹಾಕಿ ಗೆದ್ದದ್ದು, ಸೋತದ್ದು

ಯಾವ ನೆಲ ಮುಂದೆ ಯಾವುದಕ್ಕೆ ಎಂದು ಬಣ್ಣದಲ್ಲಿ ಗುರುತಿಸುವ ಮಾಸ್ಟರ್ ಪ್ಲಾನ್, ಅಂದರೆ ಮಹಾಯೋಜನೆಯ ಅಂತಿಮ ನಕ್ಷೆ ಹೋದ ಸೋಮವಾರ ಕೈಗೆ ಬಂತು. ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಹಾಸಿ, ಕೆರೆಯ ನೀಲಿಯ ಮೇಲೆ ಬೆರಳಿಟ್ಟು ಕೆಳಗೆ ಇಳಿದೆ. ಏರಿ, ತೂಬು, ಅಲ್ಲಿಂದ ನಮ್ಮ ಹಿಪ್ಪುನೇರಳೆ ತೋಟದ ತನಕ ತಿಳಿಹಸಿರು, ಅಂದರೆ ಕೃಷಿ. ರಸ್ತೆ ದಾಟಿದ ಕೂಡಲೇ ಹಳದಿ, ಅಂದರೆ ವಸತಿ. ಕೃಷಿಗೇ ಉಳಿಸಿ ಎಂದು ನಾವು ಕೇಳಿದ್ದು 64 ಎಕರೆ, ಉಳಿದದ್ದು 41. ಇಷ್ಟಕ್ಕೆ ಎರಡು ವರ್ಷ ಒಂದು ತಿಂಗಳು ಹಿಡಿಯಿತು.

ನಮ್ಮೂರು ನಂದಿ ಬೆಟ್ಟ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದೆ. ರೇಷ್ಮೆ, ರಾಗಿ, ಒಂದಿಷ್ಟು ತರಕಾರಿ ನಮ್ಮ ಬದುಕು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆಯ ಜಮೀನಿನ ಮಾತೇ ಬದಲಾಯಿತು. ಬೆಂಗಳೂರಿನ ಸುತ್ತಲಿನ ಪಟ್ಟಣಗಳನ್ನು ಜೋಡಿಸುವ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಬಂದ ಮೇಲಂತೂ ಕೇಳುವುದೇ ಬೇಡ. ಮೊದಲು ಮಳೆ ಹೇಗೆ, ಬೆಳೆ ಹೇಗೆ ಅನ್ನುತ್ತಿದ್ದವರು ಈಗ ಎಕರೆಗೆ ಎಷ್ಟು ಅನ್ನುತ್ತಾರೆ.

ವಿಷಯ ನಮಗೆ ತಿಳಿದದ್ದೂ ಜಮೀನು ಕೇಳಲು ಬಂದ ಒಬ್ಬ ಬ್ರೋಕರ್‌ನಿಂದ. ಹುಳುಮನೆಯ ಬಾಗಿಲಲ್ಲಿ ನಿಂತು, "ಮೇಡಂ, ನಿಮ್ಮ ಸರ್ವೆ ನಂಬರು ಯೆಲ್ಲೋಗೆ ಬಂದಿದೆ, ಒಳ್ಳೆ ಟೈಮು" ಅಂದ. ಹುಳು ಮೂರನೇ ಜ್ವರಕ್ಕೆ (ಮೇವು ಬಿಟ್ಟು ಪೊರೆ ಕಳಚುವ ಹಂತ) ಕೂತಿದ್ದವು. ಅವನು ಹೋದ ಮೇಲೆ ನಮ್ಮ ಮಾವ ಕೇಳಿದರು, "ಯೆಲ್ಲೋ ಅಂದ್ರೆ ಏನಮ್ಮ? ಸರ್ಕಾರ ಕಿತ್ಕೊಳ್ತದಾ?" ನನಗೂ ಗೊತ್ತಿರಲಿಲ್ಲ. ನಾನು ಓದಿದ್ದು ಬಿ.ಕಾಂ. ಪಹಣಿ ಓದಲು ಬರುತ್ತಿತ್ತು, ಅಷ್ಟೇ.

ಮಾವನ ಆ ಪ್ರಶ್ನೆಗೆ ಉತ್ತರ ಸಿಗಲು ನನಗೆ ನಾಲ್ಕು ದಿನ ಬೇಕಾಯಿತು. ನಿಮಗೆ ಅಷ್ಟು ಹೊತ್ತು ಆಗಬಾರದೆಂದು ಇಲ್ಲೇ ಹೇಳುತ್ತೇನೆ. ಭೂಸ್ವಾಧೀನ ಬೇರೆ, ಮಹಾಯೋಜನೆ ಬೇರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ವರ್ಷಗಟ್ಟಲೆ ಧರಣಿ ಕೂತದ್ದು ಸ್ವಾಧೀನದ ವಿರುದ್ಧ. ಅಲ್ಲಿ ಕೈಗಾರಿಕೆಗೆಂದು 1,777 ಎಕರೆಗೆ ನೋಟಿಸು ಬಂದಿತ್ತು. 2025ರ ಜುಲೈ 15ರಂದು ಮುಖ್ಯಮಂತ್ರಿ ಅದನ್ನು ಕೈಬಿಡುವುದಾಗಿ ಘೋಷಿಸಿದರು. ಮಹಾಯೋಜನೆಯಲ್ಲಿ ಯಾರ ಹೆಸರಿಗೂ ನೋಟಿಸು ಬರುವುದಿಲ್ಲ. ಜಮೀನು ನಮ್ಮ ಹೆಸರಲ್ಲೇ ಇರುತ್ತದೆ, ರಾಗಿ ಹಾಕಿದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಮುಂದೆ ಆ ನೆಲ ಏನಾಗಬಹುದು ಎಂದು ಬಣ್ಣದಲ್ಲಿ ಬರೆದಿಡುತ್ತಾರೆ. ಹಳದಿ ಅಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಕಟ್ಟಡ, ಹಸಿರು ಉದ್ಯಾನ ಮತ್ತು ಬಯಲು, ತಿಳಿಹಸಿರು ಕೃಷಿ. ಹಳದಿಯಾದ ನೆಲಕ್ಕೆ ಭೂಪರಿವರ್ತನೆ ಸಲೀಸು. ಬಡಾವಣೆಯ ನಕ್ಷೆಗೂ ದಾರಿ ತೆರೆಯುತ್ತದೆ. ಕೃಷಿ ವಲಯದಲ್ಲಿ ಉಳಿದರೆ ಅದಕ್ಕೊಂದು ತಡೆ ಇರುತ್ತದೆ.

ನಮ್ಮ ಜಮೀನು ನಾವು ಮಾರದಿದ್ದರೆ ಆಯಿತಲ್ಲ ಎಂದು ಮೊದಲು ನನಗೂ ಅನ್ನಿಸಿತ್ತು. ಹುಳು ಸಾಕುವವರಿಗೆ ಇದರ ಉತ್ತರ ಹೇಳಿಕೊಡಬೇಕಾಗಿಲ್ಲ. ಪಕ್ಕದ ಹೊಲದಲ್ಲಿ ಜೆಸಿಬಿ ಓಡಿದರೆ ಧೂಳು ನಮ್ಮ ಸೊಪ್ಪಿನ ಮೇಲೆ ಕೂರುತ್ತದೆ. ಅದನ್ನು ತಿಂದ ಹುಳು ನಾಲ್ಕನೇ ಜ್ವರ ದಾಟಿದ ಮೇಲೆ ಸೊರಗುತ್ತದೆ, ಗೂಡು ಕಟ್ಟುವುದಿಲ್ಲ. ತಿಂಗಳ ದುಡಿಮೆ ತಿಪ್ಪೆಗೆ ಹೋಗುತ್ತದೆ. ಕಾಲುವೆ ಮಣ್ಣು ಮುಚ್ಚಿದರೆ ಕೆಳಗಿನವರಿಗೆ ನೀರಿಲ್ಲ. ಬೇಸಾಯ ಒಂದು ಸರ್ವೆ ನಂಬರಿನಲ್ಲಿ ನಿಲ್ಲುವುದಿಲ್ಲ, ಇಡೀ ಬಯಲು ನಿಂತರೆ ಮಾತ್ರ ನಿಲ್ಲುತ್ತದೆ. ನಾನು ಅಲ್ಲಿಂದ ಮುಂದೆ ಯಾವ ಕಚೇರಿಗೆ ಹೋದರೂ ಹೇಳಿದ್ದು ಇದೊಂದೇ ಮಾತು.

ಯೋಜನಾ ಪ್ರಾಧಿಕಾರದ ಕಚೇರಿ ತಾಲ್ಲೂಕು ಕೇಂದ್ರದಲ್ಲಿದೆ. ಅಂತಿಮವಾಗುವ ಮೊದಲು ಜನರ ಆಕ್ಷೇಪಣೆಗೆಂದು ಇಡುವ ತಾತ್ಕಾಲಿಕ ಮಹಾಯೋಜನೆಯ ನಕ್ಷೆಯನ್ನು ಗೋಡೆಗೆ ಅಂಟಿಸಿದ್ದರು. ಇಡೀ ಯೋಜನಾ ಪ್ರದೇಶ ಒಂದೇ ಹಾಳೆಯಲ್ಲಿ. ನಮ್ಮೂರು ಹೆಬ್ಬೆರಳಿನ ಉಗುರಿನಷ್ಟು. ಸರ್ವೆ ನಂಬರು ಓದಲಾಗಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆಯಲು ಹೋದರೆ ಅಲ್ಲಿದ್ದವರು ಬೇಡ ಅಂದರು. "ಇದು ಸಾರ್ವಜನಿಕರು ನೋಡಲಿ ಅಂತಲೇ ಹಾಕಿರುವುದಲ್ವಾ ಸರ್?" ಎಂದು ಕೇಳಿದ ಮೇಲೆ ಸುಮ್ಮನಾದರು. ಹಾಗೆ ಕೇಳಲು ನನಗೆ ಗಂಟಲು ಕಟ್ಟಿತ್ತು. ಆದರೂ ಕೇಳಿದ್ದು ಒಳ್ಳೆಯದಾಯಿತು.

ಅಲ್ಲೇ ಇನ್ನೊಂದು ಏಟು ಬಿತ್ತು. ಆಕ್ಷೇಪಣೆ ಸಲ್ಲಿಸಲು 60 ದಿನ, ಅದರಲ್ಲಿ ಆಗಲೇ 23 ದಿನ ಕಳೆದಿದ್ದವು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 13ನೇ ಪ್ರಕರಣದಲ್ಲಿ ಈ ಅವಧಿ ಬರುತ್ತದೆ. ದಿನ ಎಣಿಸುವುದು ಪ್ರಕಟಣೆಯಾದ ದಿನದಿಂದ, ನಮಗೆ ಗೊತ್ತಾದ ದಿನದಿಂದಲ್ಲ. ಪ್ರಕಟಣೆ ಯಾವಾಗ ಬಂತು, ಯಾವ ಪತ್ರಿಕೆಯಲ್ಲಿ ಬಂತು ಎಂದು ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿದರೆ ಪ್ರತಿ ಬಂದಿದೆ, ಕಪಾಟಿನಲ್ಲಿದೆ ಅಂದರು.

ಸ್ವಂತ ಜಮೀನು ನಕ್ಷೆಯಲ್ಲಿ ಎಲ್ಲಿದೆ ಎಂದು ಗುರುತಿಸುವುದೇ ಮೊದಲ ಕೆಲಸ. ನಾನು ಸರ್ವೆ ಇಲಾಖೆಯ ಗ್ರಾಮ ನಕ್ಷೆ ತರಿಸಿ, ದಿಶಾಂಕ್ ಆ್ಯಪ್‌ನಲ್ಲಿ ಒಂದೊಂದೇ ಸರ್ವೆ ನಂಬರು ನೋಡಿಕೊಂಡು, ತೆಗೆದ ಫೋಟೋದ ಜೊತೆ ಹೋಲಿಸುತ್ತಾ ಎರಡು ರಾತ್ರಿ ಕೂತೆ. ಕೆರೆ, ಗುಡಿ, ರಸ್ತೆಯ ತಿರುವು, ಇಂಥ ಬದಲಾಗದ ಗುರುತಿನಿಂದ ಹಿಡಿದು ಹೊರಟರೆ ದಾರಿ ತಪ್ಪುವುದಿಲ್ಲ. ಕೆರೆಯ ಕೆಳಗಿನ 17 ಸರ್ವೆ ನಂಬರು, 64 ಎಕರೆ, 29 ಕುಟುಂಬ. ಎಲ್ಲವೂ ಹಳದಿ. ನಮ್ಮದು ಅದರಲ್ಲಿ 3 ಎಕರೆ 10 ಗುಂಟೆ. ಗ್ರಾಮ ನಕ್ಷೆಯಲ್ಲಿ ಎರಡು ಗೆರೆಗಳಾಗಿ ಕಾಣುವ ಹಳ್ಳ ಹೊಸ ನಕ್ಷೆಯಲ್ಲಿ ಇರಲೇ ಇಲ್ಲ. ಊರಿಗೆಲ್ಲ ಸೇರಿದ ಮರಗಳ ತೋಪು, ಗುಂಡುತೋಪು, ಕೆಂಪಾಗಿತ್ತು. ಅಲ್ಲಿ ನಮ್ಮ ಅತ್ತೆಯ ಕಾಲದ ಹುಣಸೆಮರಗಳಿವೆ.

ಇದನ್ನೆಲ್ಲ ಮನೆಯಲ್ಲಿ ಹೇಳಿದ ರಾತ್ರಿ ಜಗಳವಾಯಿತು. ನಮ್ಮ ಭಾವನವರದು ರಸ್ತೆಯ ಆಚೆಗೆ 2 ಎಕರೆ ಇದೆ. "ನೋಡಮ್ಮ, ಮಗಳ ಮದುವೆಗೆ ಸಾಲ ಮಾಡಿದೀನಿ. ದೇವರೇ ಹಳದಿ ಬಣ್ಣ ಬಳಿದವನೆ. ನೀನ್ಯಾಕೆ ಅಳಿಸಕ್ಕೆ ಹೋಗ್ತೀಯ?" ಅಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರದು ಆಸೆಯಲ್ಲ, ತಾಪತ್ರಯ. ಎರಡು ಸಲ ಕೊರೆಸಿದ ಬೋರ್‌ವೆಲ್ ಎರಡೂ ಒಣಗಿದ್ದವು. ಕೃಷಿ ವಲಯ ಉಳಿಸಿ ಎಂದು ಹೋರಾಡುವವರು ಇಂಥ ಮನೆಗಳ ಮಾತನ್ನೂ ಕೇಳಿಸಿಕೊಳ್ಳಬೇಕು. ಮಾರಬೇಕೆಂದಿರುವವರನ್ನು ದ್ರೋಹಿಗಳೆಂದು ಕರೆದರೆ ಊರು ಎರಡಾಗುತ್ತದೆ, ಉಳಿಯುವ ಬಯಲೂ ಉಳಿಯುವುದಿಲ್ಲ. ಭಾವನವರು ಸಹಿ ಹಾಕಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ನಾಲ್ಕು ತಿಂಗಳು ಅವರು ನಮ್ಮ ಮನೆಯಲ್ಲಿ ನೀರು ಕುಡಿಯಲಿಲ್ಲ.

ನನ್ನ ಮೊದಲ ಆಕ್ಷೇಪಣಾ ಪತ್ರ ಮೂರು ಪುಟ ಇತ್ತು. ಭೂತಾಯಿ, ಅನ್ನದಾತ, ಮುಂದಿನ ಪೀಳಿಗೆ ಎಲ್ಲ ಬರೆದಿದ್ದೆ. ಸರ್ವೆ ಇಲಾಖೆಯಿಂದ ನಿವೃತ್ತರಾದ ಪಕ್ಕದೂರಿನ ಹಿರಿಯರೊಬ್ಬರು ಓದಿ, ಕನ್ನಡಕ ತೆಗೆದು, "ಇದರಲ್ಲಿ ಸರ್ವೆ ನಂಬರೇ ಇಲ್ವಲ್ಲಮ್ಮ, ಅವರು ಏನನ್ನ ತಿದ್ದಬೇಕು?" ಎಂದು ಕೇಳಿದರು. ಆ ಪ್ರಶ್ನೆಯಿಂದ ಇಡೀ ಕೆಲಸದ ದಿಕ್ಕೇ ಬದಲಾಯಿತು. ಯಾವ ಊರು, ಯಾವ ಹೋಬಳಿ, ಯಾವ ಸರ್ವೆ ನಂಬರು, ತಾತ್ಕಾಲಿಕ ನಕ್ಷೆಯಲ್ಲಿ ಏನೆಂದಿದೆ, ನಿಜವಾಗಿ ಏನಿದೆ, ಏನಾಗಬೇಕು, ಅದಕ್ಕೆ ದಾಖಲೆ ಏನು. ಒಂದೂವರೆ ಪುಟ ಸಾಕು.

ದಾಖಲೆ ಕೂಡಿಸಲು ಹೋದಾಗ ಗೊತ್ತಾದದ್ದು ನನಗೆ ಇಂದಿಗೂ ಮರೆಯಲಾಗುತ್ತಿಲ್ಲ. ಮಹಾಯೋಜನೆ ಮಾಡುವ ಮೊದಲು ಈಗ ಯಾವ ನೆಲದಲ್ಲಿ ಏನಿದೆ ಎಂದು ಹಾಲಿ ಭೂಬಳಕೆ ನಕ್ಷೆ ಮಾಡಿರುತ್ತಾರೆ. ಗೋಡೆಯ ಮೇಲೆ ಅದಿರಲಿಲ್ಲ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಉತ್ತರ ಕೊಡಲು ಅವರಿಗೆ 30 ದಿನ ಇದೆ, ನನ್ನ ಕೈಯಲ್ಲಿ ಉಳಿದದ್ದು 34. ಹಾಗಾಗಿ ಅದೇ ಅರ್ಜಿಯಲ್ಲಿ ಕಡತ ಪರಿಶೀಲನೆಗೂ ಅವಕಾಶ ಕೇಳಿದ್ದೆ. ಕಾಯ್ದೆಯಲ್ಲಿ ಆ ಹಕ್ಕೂ ಇದೆ, ಕೇಳಿಕೊಳ್ಳಿ. ನಾಲ್ಕು ಸಲ ಹೋಗಿ ಬಂದ ಮೇಲೆ ಒಂದು ಮಧ್ಯಾಹ್ನ ಕೂರಿಸಿ ತೋರಿಸಿದರು. ನಮ್ಮ ಹಿಪ್ಪುನೇರಳೆ ತೋಟದ ಮೇಲೆ 'ಖಾಲಿ ಜಾಗ' ಎಂದಿತ್ತು.

ಖಾಲಿ! ವರ್ಷಕ್ಕೆ ಐದು ಬೆಳೆ ಗೂಡು ತೆಗೆಯುವ ತೋಟ. ಸೊಪ್ಪು ಕೊಯ್ದು ಬುಡ ಕತ್ತರಿಸಿದಾಗ ಮೇಲಿನಿಂದ ನೋಡಿದವರಿಗೆ ಬರೀ ಮಣ್ಣು ಕಂಡಿರಬೇಕು. ನಾನು ಆ ಕುರ್ಚಿಯಲ್ಲಿ ಕೂತೇ ಅತ್ತುಬಿಟ್ಟೆ. ಮದುವೆಯಾಗಿ ಬಂದು 16 ವರ್ಷ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸೊಪ್ಪು ಹಾಕಿದ ನೆಲ ಅದು. ಮನೆಗೆ ಬಂದು ಪಹಣಿ ತೆಗೆಸಿದರೆ 12ನೇ ಕಾಲಂನಲ್ಲೂ ಬೆಳೆಯ ಜಾಗದಲ್ಲಿ ಬೀಳು ಎಂದಿತ್ತು. ಬೆಳೆ ಸಮೀಕ್ಷೆಗೆ ಬಂದವರು ಹಾಗೆ ದಾಖಲಿಸಿ ಹೋಗಿದ್ದರು, ನಾವು ನೋಡಿರಲಿಲ್ಲ. ಪಹಣಿ ಅಂದರೆ 9ನೇ ಕಾಲಂನಲ್ಲಿ ಹೆಸರು ಸರಿ ಇದೆಯಾ ಅಂತಷ್ಟೇ ನೋಡುವುದು ನಮ್ಮೆಲ್ಲರ ರೂಢಿ. ದಯವಿಟ್ಟು ಇವತ್ತೇ 12ನೇ ಕಾಲಂ ನೋಡಿ. ತಪ್ಪಿದ್ದರೆ ಬೆಳೆ ದರ್ಶಕ ಆ್ಯಪ್‌ನಲ್ಲಿ ಆ ಹಂಗಾಮಿನಲ್ಲೇ ಆಕ್ಷೇಪಣೆ ಹಾಕಿ. ವರ್ಷ ಕಳೆದ ಮೇಲೆ ತಿದ್ದಿಸುವುದು ಬಹಳ ಕಷ್ಟ.

ಪಹಣಿ ಕೈಕೊಟ್ಟಿತು, ಬೇರೆ ಕಾಗದ ಹುಡುಕಿದೆವು. ರೇಷ್ಮೆ ಇಲಾಖೆಯ ಪಾಸ್‌ಬುಕ್, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಬಿಲ್ಲುಗಳು, ಡ್ರಿಪ್ ಸಹಾಯಧನದ ಮಂಜೂರಾತಿ, ಪಂಪ್‌ಸೆಟ್‌ನ ಆರ್‌.ಆರ್‌. ನಂಬರಿನ (ವಿದ್ಯುತ್ ಸಂಪರ್ಕದ ನಂಬರು) ಕಾಗದ. ಅತ್ತೆ ಬಿಲ್ಲುಗಳನ್ನು ಹಳೆಯ ಸೀರೆಯ ಗಂಟಿನಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದರು. ಹನ್ನೊಂದು ವರ್ಷದ ಬಿಲ್ಲು! ಅವರಿಗೆ ಓದಲು ಬರುವುದಿಲ್ಲ, ಒಂದನ್ನೂ ಬಿಸಾಡಿರಲಿಲ್ಲ.

ಕೆರೆಯ ಅಚ್ಚುಕಟ್ಟಿನ ಪಟ್ಟಿ ಸಿಕ್ಕಿದ್ದು ಇನ್ನೂ ದೊಡ್ಡ ಬಲವಾಯಿತು. ಯಾವ ಸರ್ವೆ ನಂಬರಿಗೆ ತೂಬಿನ ನೀರು ಎಂದು ಅದರಲ್ಲಿ ಇದೆ. ನಮ್ಮ ಕೆರೆಗೆ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಬರುತ್ತದೆ. ಅಂತರ್ಜಲ ಏರಲಿ ಎಂದು ಸರ್ಕಾರವೇ ಪೈಪು ಹಾಕಿ ನೀರು ತಂದು ಕೆರೆ ತುಂಬಿಸಿದೆ, ಬತ್ತಿದ ಬೋರ್‌ವೆಲ್‌ಗಳಲ್ಲಿ ಕೆಲವು ಮರಳಿ ಬಂದಿವೆ. ಒಂದು ಇಲಾಖೆ ಕೆರೆಗೆ ನೀರು ತುಂಬಿಸಿದರೆ, ಅದೇ ಕೆರೆಯ ಕೆಳಗಿನ ಗದ್ದೆ ಬಯಲನ್ನು ಇನ್ನೊಂದು ನಕ್ಷೆ ನಿವೇಶನಕ್ಕೆ ಬಿಡುವುದು ಹೇಗೆ ಸರಿ ಎಂದು ಬರೆದೆವು.

ನಕ್ಷೆಯ ಜೊತೆ ಒಂದು ವರದಿಯೂ ಇರುತ್ತದೆ, ಅದನ್ನು ಓದದೆ ಆಕ್ಷೇಪಣೆ ಬರೆಯಬೇಡಿ. ಮುಂದೆ ಇಷ್ಟು ಜನಸಂಖ್ಯೆ ಆಗುತ್ತದೆ, ಅದಕ್ಕೆ ಇಷ್ಟು ವಸತಿ ಜಾಗ ಬೇಕು ಎಂಬ ಲೆಕ್ಕ ಅದರಲ್ಲಿರುತ್ತದೆ. ನಮ್ಮ ಸುತ್ತ ಆಗಲೇ ಅನುಮೋದನೆಯಾದ ಐದು ಬಡಾವಣೆಗಳಿವೆ. ಊರಿನ ಪದವಿ ಓದುವ ನಾಲ್ಕು ಹುಡುಗರು ಒಂದು ಭಾನುವಾರ ಪೂರ್ತಿ ತಿರುಗಿ ಎಣಿಸಿದರು. 412 ನಿವೇಶನದಲ್ಲಿ ಮನೆ ಎದ್ದದ್ದು 67ರಲ್ಲಿ. ಉಳಿದದ್ದೆಲ್ಲ ಲಾಂಟಾನ, ಪಾರ್ಥೇನಿಯಂ. ಫೋಟೋ ಸಮೇತ ಲಗತ್ತಿಸಿದೆವು. ಗೋಮಾಳಕ್ಕೂ ಇದೇ ರೀತಿ ರಾಸು ಎಣಿಸಿದೆವು. ಭೂಕಂದಾಯ ನಿಯಮದಲ್ಲಿ 100 ರಾಸಿಗೆ 12 ಹೆಕ್ಟೇರ್ ಗೋಮಾಳ ಎಂದಿದೆ. ನಮ್ಮಲ್ಲಿ ಅದರ ಅರ್ಧವೂ ಉಳಿದಿಲ್ಲ. ಹಾಗಾಗಿ ಗೋಮಾಳವನ್ನೂ ಗುಂಡುತೋಪನ್ನೂ ಬಯಲು ಜಾಗವೆಂದು ತೋರಿಸಿ ಎಂದು ಕೇಳಿದೆವು.

ಒಂದೇ ಮನವಿಗೆ ಎಲ್ಲರೂ ಸಹಿ ಹಾಕಿದರೆ ಅದು ಒಂದೇ ಆಕ್ಷೇಪಣೆ ಆಗುತ್ತದೆ. ಹಿರಿಯರು ಹೇಳಿದಂತೆ ಕುಟುಂಬಕ್ಕೊಂದು ಪ್ರತ್ಯೇಕ ಪತ್ರ ಮಾಡಿದೆವು. 29ರಲ್ಲಿ 21 ಕುಟುಂಬ ಬಂದವು. ಮೂರು ಮನೆಯಲ್ಲಿ ಜಮೀನು ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇತ್ತು, ಪೌತಿ ಖಾತೆ ಆಗಿರಲಿಲ್ಲ. ಅವರ ಪತ್ರಕ್ಕೆ ವಂಶವೃಕ್ಷ ಸೇರಿಸಿದೆವು. ಪಂಚಾಯಿತಿಯ ನಿರ್ಣಯಕ್ಕಾಗಿ ಅಧ್ಯಕ್ಷೆಯವರ ಮನೆಗೆ ಐದು ಸಲ ನಡೆದೆ. ಅವರು ಹೆದರಿದ್ದರು. ಕೊನೆಗೆ ಗ್ರಾಮಸಭೆಯಲ್ಲಿ ಹೆಂಗಸರೇ ಎದ್ದು ಕೇಳಿದ ಮೇಲೆ ನಿರ್ಣಯ ಬರೆಸಿದರು.

58ನೇ ದಿನ ಎಲ್ಲವನ್ನೂ ಹೊತ್ತು ಹೋದೆವು. ಕಚೇರಿಯ ಟಪಾಲು ವಿಭಾಗದಲ್ಲಿ ಪತ್ರ ತೆಗೆದುಕೊಂಡರು, ನಮ್ಮ ಪ್ರತಿಗೆ ಮೊಹರು ಹಾಕಲು ಒಪ್ಪಲಿಲ್ಲ. "ಇಟ್ಟು ಹೋಗಿ, ಆಗುತ್ತೆ" ಅಂದರು. ಇಟ್ಟು ಬರಬೇಡಿ. ನಾವು ಮೂರು ಗಂಟೆ ಕಾಯ್ದು 21 ಪ್ರತಿಗೂ ದಿನಾಂಕದ ಮೊಹರು ಹಾಕಿಸಿಕೊಂಡೆವು. ಅದೇ ಸಂಜೆ ಇನ್ನೊಂದು ಸೆಟ್ ರಿಜಿಸ್ಟರ್ಡ್ ಪೋಸ್ಟಿನಲ್ಲೂ ಕಳಿಸಿದೆವು. ಮುಂದೆ ಹೊರಬಿದ್ದ ಪಟ್ಟಿಯಲ್ಲಿ ನಮ್ಮ ನಾಲ್ಕು ಪತ್ರ ಕಾಣೆಯಾಗಿದ್ದವು. ಮೊಹರಿನ ಪ್ರತಿ ತೋರಿಸಿದ ಮೇಲೆ ಸೇರಿಸಿಕೊಂಡರು.

ಆಮೇಲೆ ಏನೂ ಇಲ್ಲ. ಒಂದು ತಿಂಗಳು, ಮೂರು ತಿಂಗಳು, ಎಂಟು ತಿಂಗಳು. ಹೋದಾಗಲೆಲ್ಲ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಮಾತು. ಆ ದಿನಗಳಲ್ಲಿ ಬ್ರೋಕರ್‌ಗಳು ಊರಿಗೆ ಬರುವುದು ಹೆಚ್ಚಾಯಿತು. ಹೇಗೂ ಹಳದಿಯೇ ಆಗುವುದು, ಈಗಲೇ ಅಗ್ರಿಮೆಂಟ್ ಮಾಡಿಕೊಳ್ಳಿ ಎಂದು ಮುಂಗಡ ತೋರಿಸುತ್ತಿದ್ದರು. ಸಹಿ ಹಾಕಿದ ಎರಡು ಮನೆಯವರು ಒಪ್ಪಿಬಿಟ್ಟರು. ತಾತ್ಕಾಲಿಕ ನಕ್ಷೆ ಅಂತಿಮವಲ್ಲ. ಈ ಕಾಯುವ ಕಾಲದಲ್ಲಿ ಅದರ ಬಣ್ಣ ನಂಬಿ ಮಾರುವುದೂ ಕೊಳ್ಳುವುದೂ ಎರಡೂ ಅಪಾಯ.

ಒಂಬತ್ತನೇ ತಿಂಗಳಲ್ಲಿ ವಿಚಾರಣೆಗೆ ಕರೆದರು. ಬೆಳಿಗ್ಗೆ ಹತ್ತೂವರೆಗೆ ಬರಲು ಹೇಳಿದ್ದರು, ನಮ್ಮ ಸರದಿ ಬಂದದ್ದು ನಾಲ್ಕು ಗಂಟೆಗೆ. ಆ ದಿನ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದ್ದವು. ನಮ್ಮೆಜಮಾನ್ರು, ಅತ್ತೆ, ಮಾವ ಮೂವರೇ ಅವನ್ನು ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಹಾಕುತ್ತಿದ್ದರು, ನನ್ನ ಮನಸ್ಸೆಲ್ಲ ಅಲ್ಲೇ. ಒಳಗೆ ಸಿಕ್ಕಿದ್ದು ಹೆಚ್ಚೆಂದರೆ ಎಂಟು ನಿಮಿಷ. ಒಬ್ಬ ಅಧಿಕಾರಿ ಕೇಳಿದರು, "ಮುಂದೆ ನೀವ್ಯಾರೂ ಮಾರೋದಿಲ್ಲ ಅಂತ ಬರೆದುಕೊಡ್ತೀರಾ?" ನಾನು ಹೇಳಿದೆ, "ಮಾರೋದು ಬಿಡೋದು ಅವರವರ ಮನೆ ಕಷ್ಟ ಸರ್. ಕೊಂಡವರೂ ಅಲ್ಲಿ ಬೇಸಾಯವನ್ನೇ ಮಾಡಲಿ ಅನ್ನೋದು ನಮ್ಮ ಬೇಡಿಕೆ." ಅವರು ಅಚ್ಚುಕಟ್ಟಿನ ಪಟ್ಟಿ ತೆಗೆದು ಎರಡು ಸಲ ನೋಡಿದರು. ಅತ್ತೆಯ ಬಿಲ್ಲಿನ ಕಟ್ಟನ್ನೂ ಮೇಜಿನ ಮೇಲಿಟ್ಟೆ. ಅದರಲ್ಲಿ ಇನ್ನೂ ನುಸಿಗುಳಿಗೆಯ ವಾಸನೆ ಇತ್ತು.

ಪ್ರಾಧಿಕಾರ ತನ್ನ ಶಿಫಾರಸು ಸೇರಿಸಿ ಸರ್ಕಾರಕ್ಕೆ ಕಳಿಸಿ, ಸರ್ಕಾರ ಅಂತಿಮ ಅನುಮೋದನೆ ಕೊಟ್ಟು, ರಾಜ್ಯಪತ್ರದಲ್ಲಿ ಬರುವ ಹೊತ್ತಿಗೆ ಇನ್ನೂ ಒಂದು ವರ್ಷ ದಾಟಿತು. ನನ್ನ ಪುಸ್ತಕದಲ್ಲಿ ಬರೆದಿಟ್ಟ ಖರ್ಚು 14,300 ರೂಪಾಯಿ. ನಕ್ಷೆ, ಪಹಣಿ, ಜೆರಾಕ್ಸ್, ಪೋಸ್ಟ್, ಬಸ್ಸು, ಎರಡು ಸಲ ವಕೀಲರ ಸಲಹೆ. 21 ಮನೆ ಹಂಚಿಕೊಂಡೆವು. ಕಚೇರಿಗೆ ಹೋದ ದಿನ 38. ಅದರಲ್ಲಿ ಒಂದು ಬೆಳೆ ಹುಳು ಸರಿಯಾಗಿ ನೋಡಿಕೊಳ್ಳಲಾಗದೆ ಹೋಯಿತು, ಆ ನಷ್ಟ ಇದರಲ್ಲಿ ಸೇರಿಲ್ಲ.

ಕೆರೆಯ ಕೆಳಗಿನ 41 ಎಕರೆ ಕೃಷಿ ವಲಯಕ್ಕೆ ಮರಳಿತು. ಹಳ್ಳ ನಕ್ಷೆಯಲ್ಲಿ ಬಂತು. ಗುಂಡುತೋಪು ಹಸಿರಾಯಿತು. ಗೋಮಾಳದ ಬಗ್ಗೆ ಕೇಳಿದ್ದಕ್ಕೆ ಒಂದು ಸಾಲಿನ ಉತ್ತರವೂ ಇಲ್ಲ. ರಸ್ತೆಯಾಚೆಯ 23 ಎಕರೆ ಹಳದಿಯಾಗಿಯೇ ಉಳಿಯಿತು. ಅಲ್ಲಿ ಮೂರು ಸರ್ವೆ ನಂಬರು ಆಗಲೇ ಪರಿವರ್ತನೆಯಾಗಿದ್ದವು, ತೂಬಿನ ನೀರೂ ಅಲ್ಲಿಗೆ ಇರಲಿಲ್ಲ. ನಮ್ಮ ಕೈಯಲ್ಲಿ ಅದಕ್ಕೆ ಗಟ್ಟಿ ದಾಖಲೆ ಇರಲಿಲ್ಲ. ಆ 23ರಲ್ಲಿ ಆರು ಮನೆಯವರು ನಮ್ಮ ಜೊತೆ ಕೊನೆಯ ತನಕ ಬಂದವರು. ಅವರ ಮುಖ ನೋಡಲು ನನಗೆ ಆಗುತ್ತಿಲ್ಲ.

ಇಲ್ಲಿಗೆ ಮುಗಿಯಿತು ಎಂದು ಕೂರುವ ಹಾಗೂ ಇಲ್ಲ. ಅದೇ ಕಾಯ್ದೆಯ 14-ಎ ಪ್ರಕರಣದಡಿ, ಅಂತಿಮವಾದ ಮೇಲೂ ಒಂದೊಂದು ಸರ್ವೆ ನಂಬರಿನ ಭೂಬಳಕೆ ಬದಲಿಸಲು ಅವಕಾಶವಿದೆ. ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಆ ಪ್ರಕಟಣೆ ನೋಡದಿದ್ದರೆ 41 ಎಕರೆಯೂ ತುಂಡು ತುಂಡಾಗಿ ಹೋಗಬಹುದು. ಈಗ ನಮ್ಮೂರಿನ ಹಾಲಿನ ಡೇರಿಗೆ ಎರಡು ಪತ್ರಿಕೆ ತರಿಸುತ್ತಿದ್ದೇವೆ. ಬೆಳಿಗ್ಗೆ ಹಾಲು ಹಾಕಲು ಬಂದ ಹುಡುಗರಲ್ಲಿ ಒಬ್ಬರು ಜಾಹೀರಾತಿನ ಪುಟ ಓದಬೇಕು, ವಾರಕ್ಕೊಬ್ಬರ ಸರದಿ.

ಭಾವನವರು ಮೊನ್ನೆ ಮನೆಗೆ ಬಂದಿದ್ದರು. ಅವರ 2 ಎಕರೆಗೆ ಅಗ್ರಿಮೆಂಟ್ ಆಗಿದೆ, ಸಾಲ ತೀರುತ್ತದೆ. ಕಾಫಿ ಕುಡಿದು ಹೊರಡುವಾಗ, "ಬೇಸಿಗೆಗೆ ಲೇಔಟ್ ಕೆಲಸ ಶುರು ಮಾಡ್ತಾರಂತೆ ಕಣಮ್ಮ. ನಿನ್ನ ತೋಟಕ್ಕೆ ಧೂಳು ಬರ್ತದೆ, ರಸ್ತೆ ಬದಿಗೆ ಏನಾದ್ರೂ ಮರ ಹಾಕು" ಅಂದರು. ನರ್ಸರಿಯಿಂದ 120 ಸಿಲ್ವರ್ ಓಕ್ ಸಸಿ ತಂದಿದ್ದೇವೆ. ನಾಳೆ ಗುಂಡಿ ತೋಡಲು ಅವರೂ ಬರುತ್ತಾರೆ.